ಪೂಜೆಗೆ ಕೂತ ಡ್ರಮ್ಮು

"ಸಾವಿಗೋ, ಮದ್ವೆಗೋ?"

ಚಿಕ್ಕಬಾಣಾವರದಲ್ಲಿ ಬಾಡಿಗೆ ಮನೆ ಕೇಳಲು ಹೋಗಿ, ನಾನು ಡ್ರಮ್ ಬಾರಿಸುತ್ತೇನೆ ಎಂದಾಗ ಮನೆಯೊಡತಿ ಗೌರಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಕೆನಡಾದಲ್ಲಿ ನಮ್ಮ ಪಾಪ್-ರಾಕ್ ಬ್ಯಾಂಡ್ ಕೇಳಿದವರಿಗೂ ಇದೇ ಅನುಮಾನವಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ.

ಅಲ್ಲೇ ಇರುವವರಿಗೂ ಆ ಬ್ಯಾಂಡ್ ಗೊತ್ತಿರಲಾರದು. ಗಿಟಾರಿಗೆ ಡ್ಯಾನಿ, ಹಾಡಲು ಅವನ ತಂಗಿ ಕೇಟ್, ಸದ್ದಿಗೆ ನಾನು. ಎರಡು ಚಳಿಗಾಲ ಬದುಕಿತ್ತು. ಅವರ ಗ್ಯಾರೇಜಿನಲ್ಲಿ ಅಭ್ಯಾಸ. ಅವರಮ್ಮ ಖಾಯಂ ಪ್ರೇಕ್ಷಕಿ, ಬಟ್ಟೆ ಒಗೆಯುವ ಯಂತ್ರ ಅಲ್ಲೇ ಇದ್ದುದರಿಂದ. ಕೊನೆಯ ಕಾರ್ಯಕ್ರಮದಲ್ಲಿ ಹಾಡು ಮುಗಿದದ್ದು ನನ್ನೊಬ್ಬನಿಗೇ ತಿಳಿಯಲಿಲ್ಲ. ಕೇಟ್ ಕೋಟು ಹಾಕಿಕೊಂಡು ಮನೆ ಸೇರಿದಳು, ನಾನಿನ್ನೂ ಬಾರಿಸುತ್ತಿದ್ದೆ. ಆಮೇಲೆ ಅವಳು ಬೇರೆ ಊರಿನ ಕಾಲೇಜಿಗೆ ಹೋದಳು. ನಾನು ಪೀಣ್ಯದಲ್ಲಿ ಮಾವನ ಸ್ಪ್ರಿಂಗ್ ಕಾರ್ಖಾನೆಗೆ ವಿದೇಶಿ ಇಮೇಲ್ ಬರೆಯಲು ಬಂದೆ, ಒಂದೇ ಒಂದು ಡ್ರಮ್ ಹೊತ್ತು.

ಕೆನಡಾದಲ್ಲಿ ಬಾಗಿಲು ಮುಚ್ಚಿ ಬಾರಿಸಿದರೂ ಪಕ್ಕದವರು ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಇಲ್ಲಿ ಕಿಟಕಿ ತೆರೆದರೂ ರೈಲು, ಬೋರ್‌ವೆಲ್ ಲಾರಿ, ಎದುರುಮನೆಯ ಮಿಕ್ಸಿ ನನ್ನನ್ನು ಸೋಲಿಸುತ್ತವೆ. ಯಾರೂ ದೂರು ಕೊಡದಿರುವುದೂ ಒಂಥರಾ ಒಂಟಿತನ.

ಹಾಗಿರುವಾಗ ಡ್ಯಾನಿ ಫೋನ್ ಮಾಡಿದ. ಅವನ ಅಮ್ಮನ ಹುಟ್ಟುಹಬ್ಬಕ್ಕೆ ವಿಡಿಯೊ ಕರೆಯಲ್ಲಿ ಮೂವರೂ ಸೇರಿ ಒಂದು ಹಾಡು. ಕೇಟ್ ಒಪ್ಪಿದ್ದಾಳೆ, ಇನ್ನೊಮ್ಮೆ ಒಪ್ಪಲಾರಳು. ನಾನು ವಾರವಿಡೀ ಹಾಡಿನ ಕೊನೆಯನ್ನಷ್ಟೇ ಅಭ್ಯಾಸ ಮಾಡಿದೆ.

ಹುಟ್ಟುಹಬ್ಬದ ದಿನವೇ ಆಯುಧಪೂಜೆ. ಬೆಳಿಗ್ಗೆ ಗೌರಮ್ಮ, "ನಿನ್ ಕಸುಬಿನ್ ಸಾಮಾನು ತತ್ತಾರಪ್ಪಾ" ಅಂದರು. ನನ್ನದನ್ನೂ ಕಸುಬು ಅಂದರಲ್ಲ ಎಂದು ಹಿಗ್ಗಿ, ಡ್ರಮ್ಮನ್ನು ಓಡೋಡಿ ಕೊಟ್ಟೆ. ಕುಡುಗೋಲು, ಮಿಕ್ಸಿ, ನೀರಿನ ಮೋಟರಿನ ಪಕ್ಕ ಅದೂ ಕೂತಿತು. ಕೇಟ್ ಅದರ ಮೇಲೆ ಬರೆದಿದ್ದ ಬ್ಯಾಂಡಿನ ಹೆಸರು ವಿಭೂತಿ ಪಟ್ಟೆಯಡಿ ಮುಚ್ಚಿಹೋಯಿತು.

ಸಂಜೆ ಕರೆ ಬಂತು. ಡ್ರಮ್ ತರಲು ಫೋನ್ ಹಿಡಿದೇ ಕೆಳಗೆ ಗೌರಮ್ಮನವರ ಮನೆಗೆ ಓಡಿದೆ.

"ಪೂಜೆಗಿಕ್ಕಿದ್ನ ಇವತ್ತು ಮುಟ್ಟಂಗಿಲ್ಲ ಕಣಪ್ಪಾ. ಅದ್ಕೂ ರಜ."

"ಆಂಟಿ, ಒಂದೇ ಹಾಡು."

"ನಾನ್ ಮಿಕ್ಸಿನೇ ಮುಟ್ಟಿಲ್ಲ. ನಿಂದೇನ್ ದೊಡ್ಡದು?"

ಪರದೆಯಲ್ಲಿ ಡ್ಯಾನಿ, "ಡ್ರಮ್ ಎಲ್ಲೋ?" ಎಂದ.

"ರಜದಲ್ಲಿದೆ."

ಕೇಟ್ ನಕ್ಕಳು. "ಸದ್ಯ, ಈ ಸಲ ಹಾಡು ಮುಗಿದಾಗ ಮುಗಿಯುತ್ತೆ."

ಅವರು ಹಾಡಿದರು. ನಾನು ತೊಡೆಯ ಮೇಲೆ ಬೆರಳಲ್ಲಿ ಬಾರಿಸಿದೆ. ಹಾಡು ನಿಂತಲ್ಲೇ ನಿಲ್ಲಿಸಿದೆ, ಜೀವನದಲ್ಲಿ ಮೊದಲ ಸಲ. ಯಾರಿಗೂ ಕೇಳಿಸಲಿಲ್ಲ. ಹಿಂದೆ ಕಡ್ಲೆಪುರಿ ಮೆಲ್ಲುತ್ತ ನಿಂತಿದ್ದ ಗೌರಮ್ಮ ಹೇಳಿದರು: "ಉಡ್ಗಿ ಗಂಟ್ಲು ಸಂದಾಕದೆ. ಇದ್ರಲ್ಲಿ ನಿಂದೇನಿತ್ತಪ್ಪಾ?"

ಮಾರನೆಯ ದಿನ ಡ್ರಮ್ ವಾಪಸ್ ಬಂತು. ವಿಭೂತಿ ಒರೆಸಿದರೆ ಗೌರಮ್ಮ ಬೈಯುತ್ತಾರೆ, ಬಿಟ್ಟರೆ ಬ್ಯಾಂಡಿನ ಹೆಸರು ಮುಚ್ಚಿತೆಂದು ಡ್ಯಾನಿ. ಸದ್ಯಕ್ಕೆ ಅಂಚಿನಲ್ಲಷ್ಟೇ ಬಾರಿಸುತ್ತಿದ್ದೇನೆ.