ಚುಕ್ಕಿ ತರಿಸುವ ಸರ್

ಅವರ ಎಡಗೈ ಕಿರುಬೆರಳಿನ ಉಗುರು ಒಂದು ಇಂಚಾದರೂ ಬೆಳೆದಿರುತ್ತಿತ್ತು. ಉಳಿದ ಒಂಬತ್ತನ್ನು ಒಪ್ಪವಾಗಿ ಕತ್ತರಿಸಿಕೊಂಡು ಇದೊಂದನ್ನು ಮಾತ್ರ ಸಾಕಿದ್ದರು. ಕಂಪ್ಯೂಟರ್ ಪರದೆಯ ಮೇಲೆ ಆ ಉಗುರಿನಿಂದ ಟಕ್ ಟಕ್ ಎಂದು ಬಡಿದು, "ಇಷ್ಟ ನೋಡ್ರಿ, ಉಳದದ್ದೆಲ್ಲಾ ಕಸ" ಅನ್ನುತ್ತಿದ್ದರು. ಬಡಿದು ಬಡಿದು ನಮ್ಮ ಲ್ಯಾಬಿನ ಪರದೆಯ ಮೇಲೆ ಗೀರು ಬಿದ್ದಿತ್ತು. ಎಂ.ಎಸ್ಸಿ.ಯ ಎರಡು ವರ್ಷ ನಾನು ಓದಿದ್ದು ಆ ಗೀರುಗಳ ನಡುವಿನಿಂದ.

ನಮ್ಮದು ಸಾಂಸ್ಥಿಕ ಮನೋವಿಜ್ಞಾನ. ಕೆಲಸದ ಜಾಗದಲ್ಲಿ ಮನುಷ್ಯರ ಮನಸ್ಸು ಹೇಗಿರುತ್ತದೆ ಎಂದು ತಿಳಿಯುವ ವಿದ್ಯೆ. ಅದರಲ್ಲಿ ಅವರು ಕಲಿಸುತ್ತಿದ್ದದ್ದು ಮುಂದುವರಿದ ಪರಿಮಾಣಾತ್ಮಕ ಸಂಶೋಧನಾ ವಿಧಾನ. ಹೆಸರು ಹೇಳುವಷ್ಟರಲ್ಲಿ ಅರ್ಧ ಪಿರಿಯಡ್ಡು ಮುಗಿಯುವಂಥ ವಿಷಯ, ಉಳಿದರ್ಧ ಅವರ ಚಹಾಕ್ಕೆ. ನಾವೆಲ್ಲ ಸ್ಟ್ಯಾಟ್ಸ್ ಸರ್ ಅನ್ನುತ್ತಿದ್ದೆವು. ಎರಡು ಸಂಗತಿಗಳ ನಡುವಿನ ನಂಟು ನಂಬುವಷ್ಟು ಗಟ್ಟಿಯಾಗಿದ್ದರೆ ಕಂಪ್ಯೂಟರು ಆ ಅಂಕಿಯ ಪಕ್ಕ ಒಂದು ಸಣ್ಣ ಚುಕ್ಕಿ ಹಾಕುತ್ತದೆ. ಸರ್‌ಗೆ ಆ ಚುಕ್ಕಿಯೇ ಕುಲದೇವರು. "ಚುಕ್ಕಿ ಬಂತಂದ್ರ ಡಿಗ್ರಿ ಬಂತು" ಎಂಬುದು ಅವರ ಮಂತ್ರ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಚುಕ್ಕಿ ಯಾಕೆ ಬೀಳುತ್ತದೆ ಎಂದು ನಾನೊಮ್ಮೆ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಯಾಕ ಅಂತ ಕೇಳಬ್ಯಾಡವ್ವಾ, ಎಲ್ಲಿ ಒತ್ತಬೇಕು ಅಂತ ಕೇಳು. ಮಾನ್ವಿ ಕಡಿ ಮಂದಿಗೆ ಎಲ್ಲಾದಕ್ಕೂ ಯಾಕ ಬೇಕು."

ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲ ಅನ್ನುವ ಬದಲು ಊರು ಹಿಡಿದು ಹಂಗಿಸುವುದು ಅವರಿಗೆ ಸಲೀಸು. ತಡವಾಗಿ ಬಂದವರು ಯಾರೇ ಇರಲಿ, ರಾಯಚೂರಿನವರೇ ಇರಲಿ, "ದೇವದುರ್ಗದ ಬಸ್ಸು ಈಗ ಬಂತೇನು?" ಅನ್ನುವರು. ದೇವದುರ್ಗದಿಂದ ನಿಜವಾಗಿ ಬರುತ್ತಿದ್ದ ಹುಡುಗ ಒಬ್ಬನೇ, ಅವನು ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದ. ಅವನೂ ತಲೆ ತಗ್ಗಿಸಿ ನಗುತ್ತಿದ್ದ. ನಾನೂ ನಗುತ್ತಿದ್ದೆ ಎನ್ನುವುದನ್ನು ಬರೆಯಲು ನಾಚಿಕೆಯಾಗುತ್ತದೆ.

ಕೆಟ್ಟ ಮನುಷ್ಯ ಅನ್ನಲಾರೆ. ನನಗೆ ಟೈಫಾಯ್ಡ್ ಆಗಿ ಹಾಜರಿ ಕಡಿಮೆ ಬಿದ್ದಾಗ ಎರಡು ದಿನ ಆಫೀಸಿಗೆ ಅಲೆದು ಗುಮಾಸ್ತರ ಜೊತೆ ಜಗಳಾಡಿದವರು ಅವರೇ. "ಈ ಹುಡುಗಿ ಸುಳ್ಳು ಹೇಳಾಕಿ ಅಲ್ರಿ" ಎಂದು ಎಲ್ಲರೆದುರು ಹೇಳಿದರು. ಮೂರೇ ತಿಂಗಳಲ್ಲಿ ಅದೇ ಹುಡುಗಿಯಿಂದ ಸುಳ್ಳು ಹೇಳಿಸಿದರು.

ಕೊನೆಯ ವರ್ಷ ಎಲ್ಲರೂ ಒಂದೊಂದು ಪ್ರಬಂಧ ಬರೆಯಬೇಕಿತ್ತು. ನನ್ನದು ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ದುಡಿಯುವ ಹೆಂಗಸರ ಬಗ್ಗೆ. ನನ್ನವ್ವ ಮಾನ್ವಿ ಕಡೆಯ ಕಲ್ಲೂರಿನ ಹೊಲಗಳಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು, ಹಾಗಾಗಿ ಈ ವಿಷಯ ನಾನೇ ಕೇಳಿ ಪಡೆದಿದ್ದೆ. ಮೇಲಿನವರ ಬೆಂಬಲ ಹೆಚ್ಚಿದಷ್ಟೂ ಕೆಲಸದ ತೃಪ್ತಿ ಹೆಚ್ಚುತ್ತದೆಯೇ ಎಂದು ನೋಡಬೇಕು. ಪ್ರಶ್ನಾವಳಿಯಲ್ಲಿ ನೇರ ಪ್ರಶ್ನೆಗಳೂ ಇದ್ದವು, ತಿರುವು ಪ್ರಶ್ನೆಗಳೂ ಇದ್ದವು. "ಈ ಕೆಲಸ ನನಗೆ ಖುಷಿ ಕೊಡುತ್ತದೆ" ಎಂಬುದು ನೇರ. "ಈ ಕೆಲಸ ಬಿಟ್ಟುಬಿಡಬೇಕು ಅನಿಸುತ್ತದೆ" ಎಂಬುದು ತಿರುವು. ಕಣ್ಣುಮುಚ್ಚಿ ಉತ್ತರ ಕೊಡುವವರು ಎರಡಕ್ಕೂ ಹೂಂ ಅಂದು ಸಿಕ್ಕಿಬೀಳುತ್ತಾರೆ.

ಮಿಲ್ಲಿನೊಳಗೆ ಕೂತು ಕೇಳಿದೆ. ಕೂಲಿಯವರ ಮೇಲೆ ನಿಗಾ ಇಡುವ ಮುಕಾದಮ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಖುಷಿ ಅದ ಏನ್ರಿ? ಹೂಂ ರೀ. ಬಿಡಬೇಕು ಅನಸ್ತದೇನ್ರಿ? ಹೂಂ ರೀ. ಅಷ್ಟೂ ಜನ ಅಷ್ಟಕ್ಕೂ ಹೂಂ ರೀ, ಕೆಲವರು ಜೋರಾಗಿ, ಕೆಲವರು ಮೆಲ್ಲಗೆ. ಜೋರಿನ ಹೂಂಗೆ ಐದು, ಮೆಲ್ಲಗಿನದಕ್ಕೆ ನಾಲ್ಕು ಎಂದು ಬರೆದುಕೊಂಡೆ.

ಇದು ಕೆಲಸಕ್ಕೆ ಬಾರದು ಎಂದು ನನ್ನಂಥ ಹುಡುಗಿಗೂ ಗೊತ್ತಾಯಿತು. ವಿಳಾಸ ಕೇಳಿಕೊಂಡು ಅವರ ಊರುಗಳಿಗೇ ಹೋದೆ. ಕಲ್ಮಲ, ಯಾಪಲದಿನ್ನಿ, ಒಂದೊಂದು ಮನೆಯ ಕಟ್ಟೆ. ಸಂಪೂರ್ಣ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ ಎಂಬ ಪುಸ್ತಕದ ಮಾತು ಬಿಟ್ಟು ಐದು ಬಟ್ಟಲು ಸಾಲಾಗಿ ಇಟ್ಟೆ. ಈ ತುದಿ ಪೂರ್ತಿ ಹೂಂ, ಆ ತುದಿ ಪೂರ್ತಿ ಅಲ್ಲ. ಪ್ರಶ್ನೆ ಕೇಳಿ ಕೈಗೊಂದು ಜೋಳದ ಕಾಳು ಕೊಟ್ಟರೆ ಅವರು ಯೋಚಿಸಿ ಒಂದು ಬಟ್ಟಲಿಗೆ ಹಾಕುವರು. ಕಲ್ಮಲದ ಒಬ್ಬ ಹಿರಿಯಾಕೆ ಖುಷಿಯ ಪ್ರಶ್ನೆಗೆ ಕಾಳನ್ನು ಆ ತುದಿಯ ಬಟ್ಟಲಿಗೆ ಎಸೆದೇಬಿಟ್ಟಳು.

"ಮುಕಾದಮ ಚಲೋ ಮನಶ್ಯಾನ ಅದಾನವ್ವಾ. ಆದ್ರ ಹತ್ತಿ ಧೂಳಿಗೆ ಉಸರು ಕಟ್ಟತದ. ಕಕ್ಕಸಿಗೆ ಬಾಗಲಿಲ್ಲ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಸೀರಿ ಅಡ್ಡ ಹಿಡಕೊಂಡು ನಿಂದ್ರತೀವಿ. ಇದನ್ನ ನಿನ್ನ ಬುಕ್ಕಿನಾಗ ಬರಿ."

ಬರೆಯುತ್ತೇನೆ ಎಂದು ಮಾತು ಕೊಟ್ಟೆ.

ಹೊಸ ಉತ್ತರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ ಚುಕ್ಕಿ ಬೀಳಲಿಲ್ಲ. ಮುಕಾದಮ ಒಳ್ಳೆಯವನಿರಲಿ ಕೆಟ್ಟವನಿರಲಿ, ಹೆಂಗಸರಿಗೆ ತೃಪ್ತಿಯಿಲ್ಲ. ಸರ್ ಉಗುರಿನಿಂದ ಖಾಲಿ ಜಾಗ ಬಡಿದು, "ಇದೇನು ತಂದೀಯವ್ವಾ?" ಅಂದರು. ನಾನು ಎಲ್ಲ ಹೇಳಿದೆ. ಬಟ್ಟಲು, ಕಾಳು, ಬಾಗಿಲಿಲ್ಲದ ಕಕ್ಕಸು. ಅವರು ಆಕಳಿಸಿದರು.

"ನೀ ಡಿಗ್ರಿ ತಗೊಳಾಕ ಬಂದೀಯೋ, ಹೆಂಗಸರ ಕಷ್ಟ ಕೇಳಾಕ ಬಂದೀಯೋ? ಮಿಲ್ಲಿನಾಗ ತುಂಬಿಸಿದ್ದ ಮದಲಿನ ಫಾರ್ಮ್ ಇಲ್ಲೇನು? ಅವನ್ನ ಹಾಕು. ತಿರುವು ಪ್ರಶ್ನೆ ಅಷ್ಟೂ ತಗದುಬಿಡು."

ತಿರುವು ಪ್ರಶ್ನೆ ತೆಗೆದರೆ ಉಳಿಯುವುದು ಬರೀ ಹೂಂ. ಬೆಂಬಲ ಉಂಟೇ? ಹೂಂ. ತೃಪ್ತಿ ಉಂಟೇ? ಹೂಂ. ಒಂದಕ್ಕೆ ಜೋರಾಗಿ ಹೂಂ ಅಂದವಳು ಎಲ್ಲದಕ್ಕೂ ಜೋರಾಗಿ ಅಂದಿರುತ್ತಾಳೆ, ನಂಟು ತಾನಾಗಿಯೇ ಗಟ್ಟಿ ಕಾಣುತ್ತದೆ. ಕಳ್ಳನನ್ನು ಹಿಡಿಯಲೆಂದು ಇಟ್ಟ ಪ್ರಶ್ನೆಗಳನ್ನೇ ಮೇಷ್ಟ್ರು ಓಡಿಸಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

"ಒತ್ತು" ಅಂದರು.

ನಾನು ಒತ್ತಿದೆ. ಒಂದಲ್ಲ, ಎರಡು ಚುಕ್ಕಿ ಬಿದ್ದವು. ಸರ್ ಚಪ್ಪಾಳೆ ತಟ್ಟಿ ಚಹಾ ತರಿಸಿದರು. ನನಗೆ ಒಳ್ಳೆಯ ಅಂಕ ಬಂತು, ಅದರ ಬಲದಲ್ಲಿ ಮಾನ್ವಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸವೂ ಸಿಕ್ಕಿತು. ಬೈಂಡ್ ಮಾಡಿಸಿದ ಒಂದು ಪ್ರತಿಯನ್ನು ಸರ್ ತಾವೇ ಮಿಲ್ಲಿಗೆ ಒಯ್ದು ಮ್ಯಾನೇಜರಿಗೆ ಕೊಟ್ಟು, ಶಾಲು ಹೊದಿಸಿಕೊಂಡು ಬಂದರು.

ಮರುವರ್ಷ ರಾಯಚೂರು ಬಸ್ ನಿಲ್ದಾಣದಲ್ಲಿ ಕಲ್ಮಲದ ಆ ಹಿರಿಯಾಕೆ ಸಿಕ್ಕಳು. ಕಕ್ಕಸಿಗೆ ಬಾಗಿಲು, ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ಕೊಡಿಸಿರೆಂದು ಹೆಂಗಸರೆಲ್ಲ ಕೂಡಿ ಆಫೀಸಿಗೆ ಹೋಗಿದ್ದರಂತೆ. ಮ್ಯಾನೇಜರ್ ಕಪಾಟಿನಿಂದ ನನ್ನ ಪ್ರಬಂಧ ತೆಗೆದು ಓದಿದನಂತೆ.

"ನಾವೆಲ್ಲಾ ಖುಷಿ ಅದೀವಂತ ನಿನ್ನ ಬುಕ್ಕಿನಾಗ. ನಾ ನಿನಗ ಹಂಗ ಹೇಳಿದ್ದೆನೇನವ್ವಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ನೆನಪಿಸಿಕೊಳ್ಳುತ್ತಿದ್ದಳು, ತಾನೇ ಎಲ್ಲಿ ತಪ್ಪು ಬಟ್ಟಲಿಗೆ ಹಾಕಿದೆನೋ ಎಂದು. ನಾನು ಬಸ್ಸು ಬಂತೆಂದು ಸುಳ್ಳು ಹೇಳಿ ಅಲ್ಲಿಂದ ಕಾಲ್ತೆಗೆದೆ.

ಸೀದಾ ಸರ್ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅವರ ಮುಖ ಅರಳಿತು. "ನೋಡಿದಿ? ನಮ್ಮ ಸಂಶೋಧನಿ ಸಮಾಜಕ್ಕ ಉಪಯೋಗ ಆಗಾಕತ್ತದ!" ತಮಾಷೆಯಲ್ಲ, ಮನಸಾರೆ ಹೇಳಿದರು. ಅಂದಿನಿಂದ ಅವರಿಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸಿದೆ.

ಹೋದ ವರ್ಷ ಸರ್ ಪಾಠ ಮಾಡುತ್ತಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಸಂತಾಪ ಸಭೆಯಲ್ಲಿ ಎಲ್ಲರೂ ಅವರನ್ನು ಸಂಶೋಧನೆಯ ದೀಪ ಅಂದರು. ನನ್ನನ್ನೂ ಮಾತಾಡಲು ಕರೆದರು. ಟೈಫಾಯ್ಡಿನ ಸಂಗತಿಯೊಂದನ್ನೇ ಹೇಳಿ ಇಳಿದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅವರ ಹೆಂಡತಿಗೆ ಅಲ್ಲಿ ಕೂರಲಾಗುತ್ತಿರಲಿಲ್ಲ, ಹೇಳದ್ದಕ್ಕೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ.

ಪೆಟ್ಟಿಗೆಯಲ್ಲಿಟ್ಟಿದ್ದ ಹೆಂಗಸರ ನಿಜವಾದ ಉತ್ತರಗಳನ್ನು ಎರಡು ಪುಟಕ್ಕೆ ಇಳಿಸಿ, ಬಾಗಿಲು ಮತ್ತು ಬಟ್ಟೆಯ ಮಾತನ್ನು ಮೊದಲಿಗೇ ಬರೆದು, ಮಿಲ್ಲಿಗೆ ಹೋದೆ. ಮ್ಯಾನೇಜರ್ ಕಪಾಟಿನ ಪ್ರಬಂಧವನ್ನೂ ಈ ಪುಟಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ.

"ಎರಡರ ಮ್ಯಾಲೂ ನಿಮ್ಮ ಸಹಿ ಅದ ಮೇಡಂ. ಯಾವ್ದು ಸುಳ್ಳು?"

"ಆ ಬುಕ್ಕ ಸುಳ್ಳು ರೀ."

"ಹಂಗಂದ್ರ ಬರದು ಕೊಡ್ರಿ. ನಿಮ್ಮ ಕಾಲೇಜಿನವ್ರು ಕೇಳಿದ್ರ ತೋರಸಬೇಕಾಗತದ" ಎಂದು ನಕ್ಕ.

ಬಿಳಿ ಹಾಳೆ ಮುಂದೆ ಬಂತು. ಸರ್ ಹೇಳಿದರು, ನಾನು ಮಾಡಿದೆ ಎಂದು ಬರೆಯಬಹುದಿತ್ತು. ಅದು ನಿಜವೂ ಹೌದು. ಸತ್ತವರು ಎದ್ದು ಬಂದು ಅಲ್ಲ ಅನ್ನುವುದಿಲ್ಲ. ಆದರೆ ಒತ್ತಿದವಳು ನಾನು, ಕಲ್ಮಲದ ಕಟ್ಟೆಯ ಮೇಲೆ ಕೂತು ಮಾತು ಕೊಟ್ಟವಳೂ ನಾನು. ಈ ಪ್ರಬಂಧದ ಫಲಿತಾಂಶವನ್ನು ನಾನೇ ಸುಳ್ಳಾಗಿಸಿದ್ದೇನೆ ಎಂದು ಬರೆದು, ನನ್ನ ಹೆಸರು, ಕಾಲೇಜಿನ ಹೆಸರು ಎರಡನ್ನೂ ಬಿಡಿಸಿ ಬರೆದು, ಹಾಳೆಯನ್ನು ಅವನ ಕಡೆಗೆ ಸರಿಸಿದೆ.