ಲೆಕ್ಕದಿಂದ ತೆಗೆದುಹಾಕಿದ ನಾಲ್ಕು ಇಲಿಗಳು

ಶಾಂತಕ್ಕ, ನಿನ್ನ ಅವ್ವ ಸತ್ತದ್ದು ನಿನ್ನ ತಪ್ಪಿನಿಂದಲ್ಲ, ನನ್ನ ಸುಳ್ಳಿನಿಂದ. ಹದಿನಾರು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ. ಇನ್ನು ಆಗುವುದಿಲ್ಲ.

ಹುಲಿಹೈದರದಲ್ಲಿ ದೊಡ್ಡವ್ವ—ನಿನ್ನ ಅವ್ವ, ನನ್ನ ತಾಯಿಯ ಅಕ್ಕ—ಮೊಣಕಾಲು ಬಾತವರಿಗೆ ಸೊಪ್ಪು ಅರೆದು ಕಟ್ಟುತ್ತಿದ್ದಳು. ಸೊಪ್ಪು ತರಲು ಹೋದವರು ಮನೆಗೆ ಮರಳುವವರೆಗೆ ಮಾತಾಡಬಾರದು, ಆಡಿದರೆ ಔಷಧ ಕೆಡುತ್ತದೆ ಎಂಬುದು ಅವಳ ಕಟ್ಟಳೆ. ಅದೇ ಸೊಪ್ಪನ್ನು ನಾನು ಪಿಎಚ್‌ಡಿಗೆ ಆರಿಸಿಕೊಂಡೆ. ಇಲಿಯ ಪಾದಕ್ಕೆ ಸೂಜಿ ಚುಚ್ಚಿ ಬಾವು ಬರಿಸುವುದು, ಸೊಪ್ಪಿನ ಸಾರ ಕುಡಿಸುವುದು, ಬಾವು ಎಷ್ಟು ಇಳಿಯಿತೆಂದು ಅಳೆಯುವುದು—ಇದು ನಮ್ಮ ಪ್ರಯೋಗ. ಬಾವು ಇಳಿಯಿತು. ಎಷ್ಟು ಕುಣಿದಾಡಿದ್ದೆ! ಆದರೆ ತಿಂಗಳುಗಟ್ಟಲೆ ಸಾರ ಕುಡಿದ ಇಲಿಗಳನ್ನು ಕೊಯ್ದು ನೋಡಿದಾಗ ನಾಲ್ಕರ ಲಿವರ್ ಕೆಟ್ಟುಹೋಗಿತ್ತು. ಪ್ರಯೋಗವನ್ನು ಮೊದಲಿನಿಂದ ಮಾಡಬೇಕು, ಇನ್ನೊಂದು ವರ್ಷ ಹಿಡಿಯುತ್ತದೆ, ಮದುವೆ ಬೇರೆ ಗೊತ್ತಾಗಿದೆ... ಆ ನಾಲ್ಕು ಇಲಿಗಳನ್ನು ಲೆಕ್ಕದಿಂದಲೇ ತೆಗೆದುಹಾಕಿದೆ. ‘ದುಷ್ಪರಿಣಾಮ ಕಂಡುಬಂದಿಲ್ಲ’ ಎಂದು ಬರೆದೆ. ಆ ಕೈಗಿಷ್ಟು ಬೆಂಕಿ ಹಾಕ!

ಪದವಿ ಸಿಕ್ಕ ಖುಷಿಯಲ್ಲಿ ಪೇಡೆ ತೆಗೆದುಕೊಂಡು ನಿಮ್ಮ ಮನೆಗೆ ಬಂದೆ. ಅಷ್ಟರಲ್ಲಿ ದೊಡ್ಡವ್ವನ ಕೈಬೆರಳುಗಳೇ ಬಾತು, ಅವಳಿಗೆ ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ.

“ಈ ಸೊಪ್ಪನ್ನ ಕುದಿಸಿ ಕುಡಿದ್ರ ನಡೀತೈತೇನವ್ವಾ? ನೀ ಓದಿದಾಕಿ, ಹೇಳು.”

“ನಡೀತೈತಿ ದೊಡ್ಡವ್ವಾ. ಏನೂ ಆಗಂಗಿಲ್ಲ.”

ಬ್ಯಾಡ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಯಾಕೆ ಎಂದು ಹೇಳುವ ಧೈರ್ಯ—ಇರಲಿಲ್ಲ, ಅಷ್ಟೇ.

ಜೀವಮಾನದಲ್ಲಿ ಯಾರಿಗೂ ಅದನ್ನು ಕುಡಿಸದವಳು, ನನ್ನನ್ನು ನಂಬಿ ಮೂರು ತಿಂಗಳು ದಿನಾ ಕುಡಿದಳು. ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು, ಕೊಪ್ಪಳದ ಆಸ್ಪತ್ರೆಗೆ ಸೇರಿಸಿದ ವಾರದಲ್ಲೇ ಹೋದಳು.

ಮಣ್ಣು ಮಾಡಿ ಬಂದು ಎಲ್ಲರೂ ಅಂಗಳದಲ್ಲಿ ಕೂತಿದ್ದೆವು. ನೀನು ಎದೆ ಬಡಿದುಕೊಂಡು ಅತ್ತೆ: “ಔಷಧದ ತಪ್ಪಲ ತರಾಕ ಹೋದಾಗ ಯಾರೋ ಕನಕಗಿರಿ ದಾರಿ ಕೇಳಿದ್ರು. ಬಾಯಿ ತಪ್ಪಿ ಹೇಳಿಬಿಟ್ಟೆ. ಅದಕ್ಕ ಔಷಧ ವಿಷ ಆತು. ನಮ್ಮವ್ವನ್ನ ನಾನಽ ಕೊಂದೆ!”

ಎಲ್ಲರೂ ನನ್ನ ಮುಖ ನೋಡಿದರು. ಓದಿದವಳು ನಾನೊಬ್ಬಳೇ. ‘ಮಾತಾಡಿದರೆ ಔಷಧ ವಿಷವಾಗುವುದಿಲ್ಲ’ ಎಂದು ಒಂದು ಸಾಲು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದೇನು ಗೊತ್ತಲ್ಲ?

“ಆಗಿದ್ದಾತು, ಬಿಡಕ್ಕಾ. ಬೇಕಂತ ಮಾಡೀಯೇನು?”

ಕೊಂದವಳು ನಾನು, ಕ್ಷಮಿಸಿದ್ದು ನಿನ್ನನ್ನು—ಅದೂ ಬೆನ್ನು ಸವರಿ! ಅಂದಿನಿಂದ ನಿಮ್ಮ ಮನೆಯಲ್ಲಿ ಯಾರೂ ಆ ಸೊಪ್ಪು ಮುಟ್ಟಲಿಲ್ಲ. ನಿನ್ನ ತಮ್ಮಂದಿರು ನಿನ್ನ ಕೈಯಿಂದ ಒಂದು ತಂಬಿಗೆ ನೀರನ್ನೂ ಇಸಿದುಕೊಳ್ಳಲಿಲ್ಲ. ನಾನೋ, ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆಯಾದೆ; ಪ್ರಯೋಗದಲ್ಲಿ ಪ್ರಾಮಾಣಿಕತೆ ಇರಬೇಕೆಂದು ಮಕ್ಕಳಿಗೆ ಪಾಠ ಹೇಳಿದೆ. ನಾಚಿಕೆಗೆಟ್ಟವಳು.

ವಿಶ್ವವಿದ್ಯಾಲಯಕ್ಕೆ ನಿನ್ನೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಪದವಿ ಹೋಗಲಿ. ಭಾನುವಾರ ಊರಿಗೆ ಬಂದು, ನಿನ್ನ ತಮ್ಮಂದಿರನ್ನು ಕೂಡಿಸಿ, ಅವರೆದುರು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೆ ನಿನ್ನ ದೊಡ್ಡ ತಮ್ಮ ಹೋದ ವರ್ಷ ತೀರಿಕೊಂಡ. ನೀನೇ ಅವ್ವನನ್ನು ಕೊಂದೆ ಎಂದು ನಂಬಿಕೊಂಡೇ ಹೋದ. ಅವನಿಗೆ ನಾನು ಇನ್ನು ಹೇಗೆ ಹೇಳಲಿ, ಶಾಂತಕ್ಕ?