ಚಿಕ್ಕಪೇಟೆ ತುಂಬಾ ನನ್ನ ನವಿಲು

ಕಂಪ್ಯೂಟರ್ ಆಟ ಮಾಡುವುದನ್ನು ಕಲಿಸುವ ಕೋರ್ಸು ಎಲ್ಲಿದೆ ಎಂದು ತೊಂಬತ್ತರ ದಶಕದ ದೊಡ್ಡಬಳ್ಳಾಪುರದಲ್ಲಿ ಕೇಳಿದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ಮದುವೆ ಯಾವಾಗ ಅನ್ನುತ್ತಿದ್ದರು. ನನ್ನ ಬಿ.ಎಸ್ಸಿ. ಮುಗಿದಿತ್ತು. ಮನೆಯಲ್ಲಿ ಪವರ್‌ಲೂಮ್ ಮಗ್ಗಗಳು. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ನಮ್ಮೆಲ್ಲರದೂ ದೊಡ್ಡ ಗಂಟಲು. ಸೀರೆಯ ಅಂಚಿಗೆ, ಸೆರಗಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಬೇಕು. ಅದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ, ಆ ತೂತುಗಳ ಪ್ರಕಾರ ಮಗ್ಗ ನೇಯುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಮೊದಲ ಸಲ ಆಟವೊಂದನ್ನು ನೋಡಿದಾಗ, ಅದರೊಳಗೆ ಜಿಗಿಯುತ್ತಿದ್ದ ಮನುಷ್ಯನೂ ಚೌಕಗಳಿಂದಲೇ ಆದವನು ಎಂದು ತಕ್ಷಣ ತಿಳಿಯಿತು. ಸೀರೆಯಂಚಿಗೆ ಬರೆದ ನನ್ನ ನವಿಲನ್ನೂ ಹೀಗೆ ಕುಣಿಸಬಹುದು ಅನ್ನಿಸಿದ್ದೇ ತಡ, ಬೇರೆ ಯಾವುದೂ ರುಚಿಸದಾಯಿತು.

ಬೆಂಗಳೂರಿನಲ್ಲಿ ಜಾಹೀರಾತು ಕೊಟ್ಟಿದ್ದ ಮಲ್ಟಿಮೀಡಿಯಾ ಸಂಸ್ಥೆಗಳನ್ನೆಲ್ಲ ಸುತ್ತಿದೆ. "ಸಾಫ್ಟ್‌ವೇರ್ ಹೇಳ್ಕೊಡ್ತೀವಿ ಮೇಡಂ. ಗೇಮ್ ಎಲ್ಲಾ ಫಾರಿನ್ನಲ್ಲಿ ಮಾಡ್ತಾರೆ," ಎಂದ ಒಬ್ಬ. ನಾನು ಚಿತ್ರ ಬರೆಯುತ್ತೇನೋ ಇಲ್ಲವೋ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದು ಉತ್ತರ ಭಾರತದ ಒಂದು ವಿನ್ಯಾಸ ಕಾಲೇಜು ಮಾತ್ರ. ಅಲ್ಲಿನ ಸ್ನಾತಕೋತ್ತರ ಕೋರ್ಸಿನಲ್ಲಿ ಕಂಪ್ಯೂಟರ್ ಆಟಗಳನ್ನೂ ಮಾಡಿಸುತ್ತಿದ್ದರು. ಸಂದರ್ಶನ ಬೆಂಗಳೂರಿನಲ್ಲೇ, ಸ್ವಂತ ಚಿತ್ರಗಳನ್ನು ತರಬೇಕು. ಓದಿದರೆ ಅಲ್ಲೇ ಎಂದು ಹಟ ಹಿಡಿದೆ.

ಅಪ್ಪ ಬೇಡ ಅನ್ನಲಿಲ್ಲ. ಆದರೆ ನಮ್ಮ ಬೀದಿಯಲ್ಲೊಂದು ಕಟ್ಟುಪಾಡಿತ್ತು: ಹೊಸ ಡಿಸೈನಿನ ಸೀರೆ ಅಂಗಡಿಗೆ ಹೋಗುವ ತನಕ ಅದರ ಹಾಳೆ ಹೊಸ್ತಿಲು ದಾಟಬಾರದು. ದಾಟಿತೋ, ಪಕ್ಕದ ಬೀದಿಯ ಮಗ್ಗದಲ್ಲೂ ಅದೇ ಅಂಚು. ನೆಂಟರು ಬಂದರೂ ಅಮ್ಮ ಹಾಳೆಗಳನ್ನು ಹಾಸಿಗೆಯ ಕೆಳಗೆ ತಳ್ಳುತ್ತಿದ್ದಳು.

"ಕಾಲೇಜಿನೋರು ಸೀರೆ ನೇಯ್ತಾರೇನಪ್ಪಾ?" ಎಂದೆ.

"ಅವ್ರು ನೇಯಲ್ಲ ಕಣಮ್ಮ. ಅವ್ರಿಗೆ ನೆಂಟ್ರು ಇರಲ್ವಾ? ಹಳೇವು ತಗೊಂಡೋಗು. ಅವೂ ನೀನೇ ಬರ್ದಿರೋವು ತಾನೇ?"

ಹೊಸ ಹಾಳೆಗಳು ಬೀರು ಸೇರಿದವು. ಬೀಗದ ಕೈ ಅಪ್ಪನ ಉಡಿದಾರ ಸೇರಿತು. ಅತ್ತು ಕೂಗಾಡಿದೆ, ಊಟ ಬಿಟ್ಟೆ. ಗೋರ್ಕಲ್ಲ ಮೇಲೆ ಮಳೆ ಕರೆದಂತಾಯಿತು. ಬೇರೆ ಬರೆಯೋಣವೆಂದರೆ ಒಂದು ಸೆರಗಿಗೇ ವಾರಗಟ್ಟಲೆ ಬೇಕು, ಸಂದರ್ಶನ ನಾಳಿದ್ದೇ ಇತ್ತು. ಹಳೆಯವನ್ನೇ ಸುತ್ತಿಕೊಂಡು ಹೋದೆ.

ಸಂದರ್ಶನಕ್ಕೆ ಕೂತಿದ್ದವರಲ್ಲಿ ಬೆಂಗಳೂರಿನ ಮೇಡಂ ಒಬ್ಬರಿದ್ದರು. ಮೊದಲ ಹಾಳೆ ಬಿಡಿಸಿದ ಕೂಡಲೇ ನಕ್ಕರು.

"ಈ ನವಿಲು ಚಿಕ್ಕಪೇಟೆ ತುಂಬಾ ಇದೆಯಲ್ಲಮ್ಮ. ನಮ್ಮನೆ ಕೆಲಸದವಳೂ ಇದೇ ಅಂಚಿನ ಸೀರೆ ಉಡ್ತಾಳೆ. ನಕಲು ಮಾಡಿದ್ದು ಬೇಡ, ನಿಮ್ಮದು ತೋರಿಸಿ."

"ಇದು ನಂದೇ ಮೇಡಂ. ನಮ್ಮ ಸೀರೆ ನೋಡಿ ಬೇರೆಯವ್ರು ನಕಲು ಮಾಡಿರೋದು."

ಎಲ್ಲರೂ ಹೀಗೇ ಹೇಳುತ್ತಾರೆ ಎಂಬಂತೆ ತಲೆಯಾಡಿಸಿ, ಹಾಳೆಗಳನ್ನು ನೀಟಾಗಿ ಜೋಡಿಸಿ, ನನ್ನ ಕಡೆಗೆ ತಳ್ಳಿದರು. ನನ್ನದೆಂದು ತೋರಿಸಲು ಇದ್ದದ್ದೆಲ್ಲ ಬೀರುವಿನಲ್ಲಿತ್ತು.

ಮನೆಗೆ ಬಂದವಳೇ ಚೀಲ ಬಿಸಾಡಿ, ಮಗ್ಗದ ಸದ್ದಿಗಿಂತ ಜೋರಾಗಿ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಮಗ್ಗ ನಿಲ್ಲಿಸಿದರು. ನನ್ನ ಸೀಟು ಹೋಯಿತೆಂದು ನೊಂದುಕೊಳ್ಳುತ್ತಾರೆ ಅಂದುಕೊಂಡೆ. ನೋಡಿದರೆ ಮುಖ ಅರಳಿತ್ತು.

"ಚಿಕ್ಕಪೇಟೆ ತುಂಬಾ ಇದೆ ಅಂದ್ರಾ?" ಎಂದವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು, "ಲೇ, ಕೇಳಿಸ್ತೇನೇ? ನಮ್ಮ ಮಗಳ ನವಿಲ್ನ ಬೆಂಗ್ಳೂರೆಲ್ಲಾ ಉಡ್ತಾ ಇದ್ದಾರಂತೆ!"

ಆ ಖುಷಿ ನೋಡಿ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕಿತ್ತೋ, ಇವತ್ತಿಗೂ ತಿಳಿದಿಲ್ಲ.